ಗ್ಯಾರೇಜಿನ ಬಾಂದಗಲ್ಲು

ಭೀಮಶಾ ಸೊಲ್ಲಾಪುರದ ತಮ್ಮನ ಮನೆಗೆ ಹೋದಾಗಲೆಲ್ಲ ಮುಂಬಾಗಿಲಿನಿಂದ ಒಳಗೆ ಹೋದವನೇ ಅಲ್ಲ. ಗೇಟು ದಾಟಿದವನು ಎಡಕ್ಕೆ ತಿರುಗಿ ಮೊದಲು ಗ್ಯಾರೇಜು ಹೊಗುತ್ತಿದ್ದ. ಅಲ್ಲಿ ಮೂಲೆಯಲ್ಲೊಂದು ನಳ. ಮೈಂದರ್ಗಿಯ ಹೊಲದಿಂದ ತಂದ ಚೀಲವನ್ನು ಗೋಡೆಗೆ ಒರಗಿಸಿ, ಚಪ್ಪಲಿ ಕಳಚಿ, ಎಸ್ಟಿ ಬಸ್ಸಿನ ಧೂಳನ್ನು ಕಾಲಿನಿಂದ ತೊಳೆದು, ಒಳಬಾಗಿಲಿನಿಂದ ನೇರ ದೇವರ ಕೋಣೆಗೆ. ಗ್ಯಾರೇಜಿನ ಹಿಂದಿನ ಗೋಡೆಯೂ ದೇವರ ಜಗಲಿಯ ಗೋಡೆಯೂ ಒಂದೇ. ಮನೆ ಕಟ್ಟಿಸುವಾಗ ಹಾಗೆ ಹೇಳಿ ಮಾಡಿಸಿದವನೂ ಅವನೇ. ಹೊರಗಿನಿಂದ ಬಂದವನು ಮೊದಲು ದೇವರಿಗೆ ಕೈಮುಗಿಯಬೇಕು, ಆಮೇಲೆ ಮನುಷ್ಯರಿಗೆ ಎಂಬುದು ಅವನ ಲೆಕ್ಕ.

ಅಣ್ಣ ಮೈಂದರ್ಗಿಯಲ್ಲಿ ಒಕ್ಕಲುತನ ಮಾಡಿಕೊಂಡಿದ್ದ, ತಮ್ಮ ಶಾಂತಲಿಂಗಪ್ಪ ಸೊಲ್ಲಾಪುರದಲ್ಲಿ ಚಾದರದ ಅಂಗಡಿ ಇಟ್ಟಿದ್ದ. ಊರು ಎರಡಾದರೂ ಮನೆತನ ಒಂದೇ. ಹೊಲದ ಜೋಳ ಇಲ್ಲಿಗೆ ಬರುತ್ತಿತ್ತು, ಅಂಗಡಿಯ ಚಾದರ ಅಲ್ಲಿಗೆ ಹೋಗುತ್ತಿತ್ತು, ಯಾರೂ ಯಾರನ್ನೂ ಎಷ್ಟು ಎಂದು ಕೇಳಿದ್ದಿಲ್ಲ. ಅಕ್ಕಲಕೋಟದಿಂದ ಈಚೆ ಆಚೆ ಎಷ್ಟೋ ಮನೆತನಗಳು ಅಡಿಗೆ ಮನೆಯ ಮಾತಿಗೇ ಒಡೆದು ಹೋದದ್ದನ್ನು ನೋಡಿದ ಭೀಮಶಾನಿಗೆ ಇದೊಂದು ದೊಡ್ಡ ಸಮಾಧಾನ. ದಿನಾ ಪೂಜೆಯಲ್ಲಿ ಅವನು ಬೇಡುತ್ತಿದ್ದದ್ದೂ ಇಷ್ಟೇ: ತಂದೆ ಮಕ್ಕಳ ಕೈಗೆ ಕೊಟ್ಟು ಹೋದ ಮನೆತನ ತನ್ನ ಕಣ್ಣ ಮುಂದೆ ಎರಡಾಗದಿರಲಿ.

ಎಳ್ಳಮಾವಾಸ್ಯೆ ಇನ್ನು ಹನ್ನೆರಡು ದಿನ ಇತ್ತು. ಒಂದು ಸೋಮವಾರ ಕಡಲೆಗಿಡದ ಸಿವುಡು, ಹೊಸ ತೊಗರಿ ಕಟ್ಟಿಕೊಂಡು ಭೀಮಶಾ ಸೊಲ್ಲಾಪುರಕ್ಕೆ ಹೋದ. ಗ್ಯಾರೇಜಿನ ಶಟರು ಅರ್ಧಕ್ಕೆ ಎತ್ತಿತ್ತು. ಬಗ್ಗಿ ಒಳಗೆ ಹೋದವನು ತಲೆ ಎತ್ತಿದರೆ, ಹಣೆಗೆ ಏನೋ ಮೆತ್ತಗೆ ಬಡಿಯಿತು.

ಚೆಂಡು. ಛಾವಣಿಯ ಕೊಂಡಿಗೆ ಸಣ್ಣ ಹಗ್ಗ ಕಟ್ಟಿ, ಅದರ ತುದಿಗೆ ಹಸಿರು ಚೆಂಡೊಂದನ್ನು ಇಳಿಬಿಟ್ಟಿದ್ದರು. ಅದು ಅತ್ತ ಇತ್ತ ತೂಗಾಡಿ ನಿಧಾನಕ್ಕೆ ನಿಂತಿತು. ನಿಂತ ಮೇಲೆ ಅವನಿಗೆ ನೆನಪಾದದ್ದು ಗೌಂಡಿಯ ತೂಗುಗುಂಡು. ಗೋಡೆ ಎಬ್ಬಿಸುವಾಗ ಗೌಂಡಿಗಳು ಹೀಗೆಯೇ ದಾರ ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ ನೋಡುತ್ತಾರಲ್ಲ, ಹಾಗೆ.

ಅವನ ಕಣ್ಣು ಕೆಳಗೆ ಇಳಿಯಿತು. ನೆಲದ ಮೇಲೆ ಹಳದಿ ಬಣ್ಣದ ಗೆರೆ. ಶಟರಿನಿಂದ ಹಿಂದಿನ ಗೋಡೆಯವರೆಗೆ, ದಾರ ಹಿಡಿದು ಹೊಡೆದಂತೆ ನೆಟ್ಟಗೆ. ಗ್ಯಾರೇಜನ್ನು ಅದು ಎರಡು ಭಾಗ ಮಾಡಿತ್ತು: ಈ ಕಡೆ ದೊಡ್ಡದು, ಆ ಕಡೆ ಸಣ್ಣದು. ಗೋಡೆಯ ಮೇಲೆ ಪೆನ್ಸಿಲ್ಲಿನಲ್ಲಿ ಫೂಟು, ಇಂಚು ಬರೆದಿದ್ದರು. ದೇವರ ಕೋಣೆಯ ಕಡೆಗಿನ ಗೋಡೆಗೆ ಮೊಳಕಾಲೆತ್ತರದಲ್ಲಿ ಹೊಸ ಸಿಮೆಂಟು ಮೆತ್ತಿದ್ದು ಇನ್ನೂ ಕಪ್ಪಗೆ ಕಾಣುತ್ತಿತ್ತು.

ಒಳಬಾಗಿಲಲ್ಲಿ ತಮ್ಮನ ಮಗಳು ಪ್ರಾಜಕ್ತಾ ಬಂದು ನಿಂತಳು. ಕೈಯಲ್ಲಿ ಅಳತೆ ಟೇಪು. ದೊಡ್ಡಪ್ಪನನ್ನು ನೋಡಿದ್ದೇ ಕೈ ಹಿಂದಕ್ಕೆ ಮಾಡಿದಳು.

"ಏನವ್ವಾ ಇದು, ಪ್ರಾಜಕ್ತಾ?"

"ಅದಾ? ಖೂನ ರೀ ದೊಡ್ಡಪ್ಪಾ. ಸುಮ್ನ ಖೂನ ಮಾಡೀವಿ."

"ಎದರ ಖೂನ?"

"ಈ ಗೆರಿ ದಾಟಿ ಆಚಿ ಕಡಿ ಬರಬಾರದು ಅಂತ."

"ಯಾರು ಬರಬಾರದು?"

ಹುಡುಗಿ ನಾಲಿಗೆ ಕಚ್ಚಿಕೊಂಡಳು. "ಚಹಾ ಆಗೇತ್ರಿ. ನೀವು ಮೊದಲ ಒಳಗ ಬರ್ರಿ, ಚಲಾ." ಅವನು ಕಾಲು ತೊಳೆಯುವುದನ್ನೂ ಕಾಯದೆ ಶಟರು ಎಳೆದು ನೆಲಕ್ಕೆ ಹಚ್ಚಿದಳು.

ಖೂನ ಅಂದರೆ ಗುರುತು. ಪೇಟೆಯ ಹುಡುಗಿಗೆ ಅದು ಪುಸ್ತಕದ ಹಾಳೆ ಮಡಿಚಿಟ್ಟ ಗುರುತಾಗಿರಬಹುದು. ಹೊಲ ಇದ್ದವನಿಗೆ ಖೂನ ಅಂದರೆ ಒಂದೇ: ಹದ್ದಿನದು. ಇಲ್ಲಿಯವರೆಗೆ ನಿನ್ನದು, ಇಲ್ಲಿಂದ ನನ್ನದು. ಭೀಮಶಾ ದೇವರ ಕೋಣೆಗೆ ಹೋಗಿ ಕೈಮುಗಿದ. ಜಗಲಿಯ ಮೇಲಿನ ಹಿತ್ತಾಳೆ ದೀಪದ ಅಂಚು ಚಪ್ಪಟೆಯಾಗಿತ್ತು. ಅವ್ವನ ಕಾಲದ ದೀಪ ಅದು.

"ದೀಪಕ್ಕೇನಾತು?" ಎಂದು ನಾದಿ ಇಟ್ಟ ಹಿಟ್ಟಿನ ಕೈಯಲ್ಲೇ ಬಂದ ತಮ್ಮನ ಹೆಂಡತಿ ಗಿರಿಜಾಬಾಯಿಯನ್ನು ಕೇಳಿದ.

"ಬಿದ್ದಿತ್ತು, ಭಾವಾ."

"ದೇವರ ದೀಪ ತಾನ ಬೀಳತೈತೇನು?"

"ಬಿದ್ದಿತ್ತು," ಎಂದಳು ಮತ್ತೆ. ಸೆರಗು ತಲೆಯ ಮೇಲೆ ಎಳೆದುಕೊಂಡು ಅಡಿಗೆ ಮನೆಗೆ ಹೋದಳು. ಐವತ್ತೆರಡು ವರ್ಷದ ಹೆಣ್ಣುಮಗಳು, ಮನೆಗೆ ಸೊಸೆಯಾಗಿ ಬಂದಾಗಿನಿಂದ ಭಾವನೆದುರು ಗಡಗಡ ಮಾತಾಡಿದವಳು. ಇವತ್ತು ಎರಡು ಮಾತಿಗೆ ನಿಲ್ಲಿಸಿದಳು.

ಊಟಕ್ಕೆ ಶಾಂತಲಿಂಗಪ್ಪ ಅಂಗಡಿಯಿಂದ ಬಂದ. ದೀಪಾವಳಿಯ ಹಿಂದಿನಿಂದ ಅವನಿಗೆ ಕುತ್ತಿಗೆ ನೋವು, ಡಾಕ್ಟರು ಕಟ್ಟಿದ ಪಟ್ಟಿಯಲ್ಲಿ ಕುತ್ತಿಗೆ ಕಂಬದಂತೆ ನಿಂತಿತ್ತು. ಅಣ್ಣನ ಕಡೆ ತಿರುಗಬೇಕಾದರೆ ಇಡೀ ಮೈ ತಿರುಗಿಸಬೇಕು. ಹಾಗಾಗಿಯೋ ಏನೋ, ತಿರುಗಲೇ ಇಲ್ಲ.

"ಮನ್ಯಾಗ ಏನರ ಕೆಲಸ ತಗದೀರೇನು, ಶಾಂತ್ಯಾ?"

"ಇಲ್ಲಲ್ಲ ಅಣ್ಣಾ. ಏನ ಕೆಲಸ?"

"ಕುತ್ತಿಗಿ ಹಿಂಗಾಗೇತಿ. ಗಾಡಿ ಯಾರು ಹೊಡಿತಾರ ಈಗ?"

ಶಾಂತಲಿಂಗಪ್ಪನ ತುತ್ತು ಬಾಯಿಯಲ್ಲೇ ನಿಂತಿತು. "ಗಾಡಿ… ನಿಂತ ಐತಿ ಅಣ್ಣಾ. ಹೊದಿಕಿ ಹೊಚ್ಚೀವಿ, ನೋಡಿದೆಲ್ಲ."

ನೋಡಿದ್ದ. ಹೊರಗೆ ಬೇವಿನ ಗಿಡದ ಕೆಳಗೆ ಮೂತಿ ಕಾಣದಂತೆ ಹೊದಿಕೆ ಹೊದ್ದು ನಿಂತಿತ್ತು ಆ ಬಿಳಿ ಗಾಡಿ. ಹೊದಿಕೆಯ ಕೆಳಗಿನ ಗಾಲಿಗೆ ಹಸಿ ಕೆಸರು ಮೆತ್ತಿದ್ದನ್ನೂ ನೋಡಿದ್ದ. ಎರಡು ತಿಂಗಳಿಂದ ನಿಂತ ಗಾಡಿಯ ಗಾಲಿಗೆ ಕೆಸರು ಎಲ್ಲಿಯದು? ಯಾರನ್ನೋ ಕೂಡಿಸಿಕೊಂಡು ಎಲ್ಲಿಗೋ ಹೋಗಿ ಬರುತ್ತಿದ್ದಾರೆ. ಎಲ್ಲಿಗೆ? ವಕೀಲನ ಮನೆಗೋ? ಹೊಲ ಅಳೆಯುವ ಮೋಜಣಿ ಆಫೀಸಿಗೋ?

ಊಟದ ನಂತರ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದ. ಅಡಿಗೆ ಮನೆಯಲ್ಲಿ ಗಿರಿಜಾಬಾಯಿ ಸಣ್ಣ ದನಿಯಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದಳು. ಸಣ್ಣ ದನಿ ಅಂದಮೇಲೆ ಕಿವಿ ತಾನಾಗಿ ದೊಡ್ಡದಾಗುತ್ತದೆ.

"ಇಲ್ಲೇ ಅದಾರ, ಮಲಗ್ಯಾರ… ಹ್ಞೂಂ, ಮೋಜಣಿ ಎಲ್ಲಾ ಆಗೇತಿ. ಖೂನಾನೂ ಹಾಕೇವಿ… ಕಲ್ಲ ಒಂದ ಬಂದ್ ಬಿಟ್ರ ಮುಗೀತು… ಭಾವಾರ ಕಿವಿಗೆ ಮಾತ್ರ ಬೀಳಬಾರದು ನೋಡ್ರಿ. ಅವರಿಗೆ ಗೊತ್ತಾತು ಅಂದ್ರ ಎಲ್ಲಾ ಮುಗಿದು ಹೋಗ್ತದ."

ಭೀಮಶಾ ಕಣ್ಣು ತೆರೆಯಲಿಲ್ಲ. ಅಳತೆ ಮುಗಿಯಿತು, ಗೆರೆ ಬಿತ್ತು, ಇನ್ನು ಕಲ್ಲು. ವಾಟಣಿಗೆ, ಪಾಲು ಹಂಚುವುದಕ್ಕೆ, ಇನ್ನೇನು ಉಳಿಯಿತು? ದೇವರ ಕೋಣೆಯ ಗೋಡೆಗೂ ಸಿಮೆಂಟು ಮೆತ್ತಿದ್ದಾರೆ. ದೇವರನ್ನೂ ಬಿಟ್ಟಿಲ್ಲ.

ನಾಲ್ಕು ಗಂಟೆಯ ಬಸ್ಸಿಗೆ ಹೊರಟ. ಗೇಟಿನ ತನಕ ಬಂದ ಗಿರಿಜಾಬಾಯಿ, "ಅಮಾವಾಸಿಗೆ ನಾವೆಲ್ಲಾ ಹೊಲಕ್ಕ ಬರ್ತೀವಿ ಭಾವಾ," ಎಂದಳು. ಅವನು "ಬರ್ರಿ" ಎಂದ.

ಆ ವಾರವೆಲ್ಲ ಅವನ ಪೂಜೆ ಕೆಟ್ಟಿತು. ಬೆಳಿಗ್ಗೆ ಸ್ನಾನ ಮಾಡಿ, ಕಂಬಳಿಯ ಮೇಲೆ ಕುಳಿತು, ಕರಡಿಗೆಯಿಂದ ಲಿಂಗ ತೆಗೆದು ಅಂಗೈಯಲ್ಲಿ ಇಟ್ಟುಕೊಳ್ಳುತ್ತಿದ್ದ. ನಲವತ್ತು ವರ್ಷದ ರೂಢಿ. ಕಣ್ಣು ಲಿಂಗದ ಮೇಲೆ ನಿಂತರೆ ಮನಸ್ಸು ತಾನಾಗಿ ನಿಲ್ಲುತ್ತಿತ್ತು. ಈಗ ಅಂಗೈಯಲ್ಲಿ ಲಿಂಗ, ಮನಸ್ಸಿನಲ್ಲಿ ಹಳದಿ ಗೆರೆ. ದೊಡ್ಡ ಭಾಗ ಯಾರದು, ಸಣ್ಣ ಭಾಗ ಯಾರದು ಎಂದು ಮನಸ್ಸು ಅಳೆಯುತ್ತಿತ್ತು. ಶಿವನೇ, ನಿನ್ನನ್ನು ಕೈಯಲ್ಲಿ ಹಿಡಿದು ನಾನು ಫೂಟು ಇಂಚು ಎಣಿಸುತ್ತಿದ್ದೇನಲ್ಲ ಎಂದು ನಾಚಿಕೆಯಾಗುತ್ತಿತ್ತು. ನಾಚಿಕೆ ಒಂದು ಗಳಿಗೆ ಇರುತ್ತಿತ್ತು, ಗೆರೆ ಮತ್ತೆ ಬರುತ್ತಿತ್ತು.

ಹೆಂಡತಿ ಗುರುಬಾಯಿಗೆ ಏನೂ ಹೇಳಲಿಲ್ಲ. ಅವಳೂ ಏನೂ ಕೇಳಲಿಲ್ಲ. ಗಂಡ ಎರಡು ರೊಟ್ಟಿ ಕಡಿಮೆ ಉಣ್ಣುತ್ತಿದ್ದರೆ ಯಾಕೆಂದು ಕೇಳದೆ ಬಿಡುವ ಹೆಂಗಸಲ್ಲ ಅವಳು. ಕೇಳಲಿಲ್ಲವೆಂಬುದೂ ಅವನ ಮನಸ್ಸಿನ ಚೀಲಕ್ಕೆ ಬಿತ್ತು.

ಮುಂದಿನ ಬುಧವಾರ, ಅಮಾವಾಸ್ಯೆಗೆ ಮೂರು ದಿನ ಮುಂಚೆ, ಭೀಮಶಾ ಸುಣ್ಣದ ಡಬ್ಬಿ, ಕುಂಚ ಹಿಡಿದು ಹೊಲಕ್ಕೆ ಹೋದ. ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಐದು ಕಲ್ಲು ಇಟ್ಟು ಪಾಂಡವರೆಂದು ಪೂಜೆ ಮಾಡಿ, ನೈವೇದ್ಯದ ಚರಗ ಚೆಲ್ಲುವುದು ಈ ಸೀಮೆಯ ಪದ್ಧತಿ. ಆ ಐದಕ್ಕೆ ಸುಣ್ಣ ಬಳಿದ ಮೇಲೆ ಅವನು ಆರನೆಯ ಕಲ್ಲಿಗೂ ಬಳಿಯುತ್ತಿದ್ದ. ಅದು ಹೊಲದ ನಟ್ಟನಡುವಿನ ಬಾಂದಗಲ್ಲು. ತಂದೆ ತೀರಿಕೊಂಡ ಮರುವರ್ಷ ಹೊಲದ ಹಕ್ಕಿನ ಕಾಗದವಾದ ಉತಾರಿನಲ್ಲಿ ಇಬ್ಬರ ಹೆಸರು ಏರಿದಾಗ, ಮೋಜಣಿಯವರು ಬಂದು ನಡುವೆ ನೆಟ್ಟು ಹೋದ ಕಲ್ಲು. ತಲೆಯ ಮೇಲೆ ಉಳಿಯಿಂದ ಕೊರೆದ ಅಡ್ಡ-ಉದ್ದ ಗೀರು. ಇಪ್ಪತ್ತೆರಡು ವರ್ಷದಿಂದ ಕಾಗದದಲ್ಲಿ ಹೆಸರು ಎರಡು, ಹೊಲದಲ್ಲಿ ಹೊಡೆಯುವ ಕುಂಟೆ ಒಂದೇ. ಕಲ್ಲಿನ ಹತ್ತಿರ ಬಂದಾಗ ಮಾತ್ರ ಕುಂಟೆ ಎತ್ತಿ ದಾಟಿಸಬೇಕು.

ಎದೆಯುದ್ದದ ಜೋಳ ಸರಿಸುತ್ತ ಹೋದ. ಗುರುತಿನ ಜಾಗಕ್ಕೆ ಬಂದ. ಕಲ್ಲು ಇರಲಿಲ್ಲ.

ಕಲ್ಲಿದ್ದಲ್ಲಿ ಒಂದು ಕುಣಿ. ಮಣ್ಣು ಹೊಸದು. ಇನ್ನೂ ಒಣಗಿರಲಿಲ್ಲ.

"ಧೂಳಪ್ಪಾ!"

ಹತ್ತಿಪ್ಪತ್ತು ವರ್ಷದಿಂದ ಈ ಹೊಲದಲ್ಲೇ ದುಡಿದು ಮುಪ್ಪಾದ ಆಳು ಧೂಳಪ್ಪ ಕುಸುಬೆಯ ಸಾಲಿನ ಆಚೆಯಿಂದ ಎದ್ದು ನಿಂತ. ಬರಲಿಲ್ಲ, ಅಲ್ಲಿಂದಲೇ "ಏನ್ರಿ ಧಣೇರ" ಎಂದ.

"ಬಾಂದಗಲ್ಲ ಎಲ್ಲಿ?"

"ಅಲ್ಲೇ ಇರಬೇಕಲ್ರಿ."

"ಇಲ್ಲ. ಬಾ, ನೋಡು ಬಾ."

ಧೂಳಪ್ಪ ಬಂದು ಕುಣಿಯೊಳಗೆ ಬಹಳ ಹೊತ್ತು ನೋಡಿದ, ಕಲ್ಲು ಅದರ ತಳದಲ್ಲಿ ಎಲ್ಲೋ ಅಡಗಿ ಕುಳಿತಿದೆ ಎಂಬಂತೆ. "ಕಲ್ಲಿಗೆ ಕಾಲ ಬಂದಿರಬೇಕ್ರಿ," ಎಂದ.

"ಕಲ್ಲಿಗೆ ಕಾಲ ಬರ್ತಾವೇನಲೇ?"

"ಕಾಲ ಬರಲಿಲ್ಲಂದ್ರ ಯಾರದರ ಕೈ ಬಂದಿರಬೇಕು."

"ಯಾರ ಕೈ?"

"ನಾ ದನಕ್ಕ ನೀರ ಕುಡಸಬೇಕ್ರಿ," ಎಂದು ಧೂಳಪ್ಪ ಹೊರಟೇಬಿಟ್ಟ. ಹೋಗುವಾಗ ಅವನ ಬೆನ್ನು ನಗುತ್ತಿದ್ದಂತೆ ಭೀಮಶಾನಿಗೆ ಕಂಡಿತು.

ಸುಣ್ಣದ ಡಬ್ಬಿ ಹಿಡಿದುಕೊಂಡೇ ಕುಣಿಯ ಅಂಚಿಗೆ ಕುಳಿತ. ಕಲ್ಲ ಒಂದ ಬಂದ್ ಬಿಟ್ರ ಮುಗೀತು. ಬಂತು ಹಾಗಾದರೆ ಕಲ್ಲು. ಇಲ್ಲಿಂದ ಕಿತ್ತು ಎಲ್ಲಿ ನೆಡುತ್ತಾರೆ? ಈ ಕಡೆ ನಾಲ್ಕು ಮೊಳ ಸರಿಸಿಯೋ, ಆರು ಮೊಳ ಸರಿಸಿಯೋ? ಬಾಲ್ಯದಲ್ಲಿ ಬೆನ್ನ ಮೇಲೆ ಹೊತ್ತು ಶಾಲೆಗೆ ಬಿಟ್ಟು ಬರುತ್ತಿದ್ದ ತಮ್ಮ. ಮಳೆಗಾಲದಲ್ಲಿ ಹಳ್ಳ ದಾಟಿಸುವಾಗ ಕುತ್ತಿಗೆ ತಬ್ಬಿ "ಅಣ್ಣಾ, ಬಿಡಬ್ಯಾಡ" ಅನ್ನುತ್ತಿದ್ದ ತಮ್ಮ.

ಮನೆಗೆ ಬಂದು ಗುರುಬಾಯಿಗೆ ಹೇಳಿದ. "ಹೊಲದಾಗಿನ ಬಾಂದಗಲ್ಲ ಯಾರೋ ಕಿತ್ತಾರ."

ಗುರುಬಾಯಿ ಸಜ್ಜಿಯ ಹಿಟ್ಟು ಸಾಣಿಸುತ್ತಿದ್ದಳು. ಜರಡಿ ನಿಲ್ಲಲಿಲ್ಲ. "ಹ್ಞೂಂ," ಎಂದಳು.

"ಹ್ಞೂಂ ಅಂತೀಯಲ್ಲ. ಬಾಂದಗಲ್ಲು!"

"ನಾಳೆ ಗುರುವಾರ. ಅಕ್ಕಲಕೋಟಕ್ಕ ಹೋಗಿ ಸ್ವಾಮಿ ದರ್ಶನ ಮಾಡ್ಕೊಂಡು ಹಂಗ ಸೊಲ್ಲಾಪುರಕ್ಕ ಹೋಗೂಣು. ಅಲ್ಲೇ ಕೇಳ್ರಿ ಏನ ಕೇಳೂದೈತಿ."

ಅಂದರೆ ಅವಳಿಗೂ ಗೊತ್ತು. ಮೂವತ್ತೆಂಟು ವರ್ಷ ಒಂದೇ ಒಲೆಯ ಬೆಂಕಿ ಕಾಯಿಸಿಕೊಂಡವಳ ಮುಖವನ್ನು ಭೀಮಶಾ ಪರಕೀಯರ ಮುಖ ನೋಡಿದಂತೆ ನೋಡಿದ. ಸಜ್ಜಿಯ ಹಿಟ್ಟು ಹತ್ತಿದ ಆ ಮುಖದಲ್ಲಿ ಏನೂ ಓದಲಾಗಲಿಲ್ಲ. ಕಪಾಟಿನಿಂದ ಹೊಲದ ಉತಾರು ತೆಗೆದು, ನಾಲ್ಕು ಮಡಿಕೆ ಮಾಡಿ, ಅಂಗಿಯ ಒಳಜೇಬಿಗೆ ಇಟ್ಟುಕೊಂಡ.

ಅಕ್ಕಲಕೋಟದಲ್ಲಿ ಗುರುವಾರದ ಸಾಲು ಉದ್ದವಿತ್ತು. ಅಂಗುಲಂಗುಲ ಸರಿಯುತ್ತ ಗುಡಿಯೊಳಗೆ ಹೋದಾಗ ಭೀಮಶಾ ಬೇಡಿದ್ದು ಒಂದೇ ಮಾತು. "ನನ್ನ ಸಂಶಯ ಸುಳ್ಳು ಮಾಡು, ಸ್ವಾಮಿ." ಬೇಡುವಾಗ ಎದೆಗೆ ಕೈ ಒತ್ತಿದರೆ ಕೈಗೆ ತಗುಲಿದ್ದು ಜೇಬಿನ ಉತಾರು. ನಂಬಿಕೆಯೂ ಅಲ್ಲೇ, ಕಾಗದವೂ ಅಲ್ಲೇ. ಪ್ರಸಾದದ ಕೊಬ್ಬರಿ ಬಾಯಲ್ಲಿ ರುಚಿ ಹತ್ತಲಿಲ್ಲ.

ಸೊಲ್ಲಾಪುರದ ಮನೆಗೆ ಬಂದಾಗ ಹನ್ನೊಂದು ಗಂಟೆ. ಬೇವಿನ ಗಿಡದ ಕೆಳಗೆ ಗಾಡಿ ಇರಲಿಲ್ಲ, ಹೊದಿಕೆ ಮಾತ್ರ ಮಡಿಸಿಟ್ಟಿತ್ತು. ಗ್ಯಾರೇಜಿನ ಶಟರು ಪೂರ್ತಿ ಮೇಲೆ. ಕಾಲು ತೊಳೆಯುವ ನೆಪದಿಂದ ಒಳಗೆ ಕಾಲಿಟ್ಟ ಭೀಮಶಾ ನಳದ ತನಕ ಹೋಗಲಿಲ್ಲ.

ಕಲ್ಲು ಅಲ್ಲಿತ್ತು.

ದೇವರ ಕೋಣೆಯ ಗೋಡೆಗೆ ಎರಡು ಮೊಳ ಈಚೆಗೆ, ಹಳದಿ ಗೆರೆಯ ದೊಡ್ಡ ಭಾಗದಲ್ಲಿ, ಇಪ್ಪತ್ತೆರಡು ವರ್ಷ ಹೊಲದಲ್ಲಿ ನಿಂತಿದ್ದ ಕಲ್ಲು ಅಡ್ಡ ಮಲಗಿತ್ತು. ಎರಡೂ ಬದಿಗೆ ಸಿಮೆಂಟು ಹಾಕಿ ಅಲುಗಾಡದಂತೆ ಹಿಡಿಸಿದ್ದರು. ಅವನೇ ವರ್ಷ ವರ್ಷ ಬಳಿದ ಸುಣ್ಣ ಪದರುಪದರಾಗಿ ಹಾಗೇ ಇತ್ತು. ಅಡ್ಡ-ಉದ್ದ ಗೀರು ಪಕ್ಕದ ಗೋಡೆಯ ಕಡೆ ಮುಖ ಮಾಡಿತ್ತು. ಮೇಲೊಂದು ಕುಂಕುಮದ ಬೊಟ್ಟು.

"ಶಾಂತ್ಯಾ! ಹೊರಗ ಬಾ!"

ಆ ದನಿಗೆ ಶಾಂತಲಿಂಗಪ್ಪ ಕುತ್ತಿಗೆಯ ಪಟ್ಟಿ ಹಿಡಿದುಕೊಂಡೇ ಓಡಿ ಬಂದ. ಹಿಂದೆ ಪ್ರಾಜಕ್ತಾ. ಗುರುಬಾಯಿ ಗೇಟಿನ ಹತ್ತಿರ ಚೀಲ ಇಳಿಸಿ, ಅವಸರವಿಲ್ಲದೆ ಬಂದು ಬಾಗಿಲಿಗೆ ಒರಗಿ ನಿಂತಳು.

ಭೀಮಶಾ ಜೇಬಿನಿಂದ ಉತಾರು ತೆಗೆದು ತಮ್ಮನ ಮುಂದೆ ಹಿಡಿದ. "ತಗೋ. ಹರಕೋಬೇಕಾಗಿದ್ರ ಬಾಯಿ ಬಿಟ್ಟ ಕೇಳಬೇಕಿತ್ತು. ಎಷ್ಟ ಬೇಕಾಗಿತ್ತು ನಿನಗ? ಅರ್ಧಾ? ಮುಕ್ಕಾಲು? ಎಲ್ಲಾ ತಗೋ. ಆದ್ರ ಕಳ್ಳರಂಗ ಹೊಲದಾಗಿನ ಕಲ್ಲ ಕಿತ್ತ ತಂದು, ದೇವರ ಮನಿ ಮುಂದ ಗೆರಿ ಹೊಡದು, ದಾರ ಇಳಿಬಿಟ್ಟು…"

"ಅಣ್ಣಾ, ಏನ ಮಾತಾಡಾಕತ್ತಿ ನೀ?"

"ಗ್ವಾಡಿ ಯಾವಾಗ ಎಬ್ಬಸ್ತೀರಿ ಹೇಳು. ಗೌಂಡಿ ಬಂದು ಹೋಗ್ಯಾನೋ, ಬರೂದೈತೋ?"

"ಗ್ವಾಡಿ?" ಶಾಂತಲಿಂಗಪ್ಪ ಇಡೀ ಮೈ ತಿರುಗಿಸಿ ಮಗಳನ್ನು ನೋಡಿದ. ಮಗಳು ಚೆಂಡನ್ನು ನೋಡಿದಳು, ಗೆರೆಯನ್ನು ನೋಡಿದಳು, ದೊಡ್ಡಪ್ಪನನ್ನು ನೋಡಿದಳು. ಓಢಣಿಯನ್ನು ಬಾಯಿಗೆ ಒತ್ತಿಕೊಂಡಳು.

"ನಗ್ತೀಯಾ? ನಗು, ನಗು."

ಅಷ್ಟರಲ್ಲಿ ಗೇಟಿನಲ್ಲಿ ಹಾರನ್ನು ಆಯಿತು. ಎರಡು ಸಲ ಸಣ್ಣಗೆ, ಹೆದರಿ ಹೆದರಿ ಒತ್ತಿದಂತೆ.

"ಅಯ್ಯ, ಮಮ್ಮಿ ಬಂದ್ಲು!" ಪ್ರಾಜಕ್ತಾ ದೊಡ್ಡಪ್ಪನ ರಟ್ಟೆ ಹಿಡಿದು ಗೆರೆಯ ಆಚೆಗೆ, ಸಣ್ಣ ಭಾಗಕ್ಕೆ ಎಳೆದಳು. "ಇಲ್ಲಿ ನಿಂದರ್ರಿ. ಈ ಗೆರಿ ದಾಟಬ್ಯಾಡ್ರಿ. ಇದು ನಂ ಸ್ಕೂಟಿ ಜಾಗಾ, ಆ ಕಡಿ ಗಾಡಿದು."

ಬಿಳಿ ಗಾಡಿ ಗೇಟು ದಾಟಿ ಬಂತು. ಗಾಜಿನ ಹಿಂದೆ, ತಲೆಯ ಮೇಲೆ ಸೆರಗು, ಹಣೆಯ ಮೇಲೆ ಢಾಳಾದ ವಿಭೂತಿ, ಎರಡೂ ಕೈಯಲ್ಲಿ ಚಕ್ರವನ್ನು ಮೊರ ಹಿಡಿದಂತೆ ಹಿಡಿದು ಗಿರಿಜಾಬಾಯಿ ಕುಳಿತಿದ್ದಳು. ಭಾವನನ್ನು ನೋಡಿದ್ದೇ ಅವಳ ಕಣ್ಣು ಅಗಲವಾದವು. ಗಾಡಿ ಒಮ್ಮೆ ಜಿಗಿದು ನಿಂತಿತು.

"ಕಡೀಕ ನೋಡಬ್ಯಾಡ ಮಮ್ಮಿ! ಚೆಂಡ ನೋಡು, ಚೆಂಡ! ಯೇ, ಯೇ… ಹಳೂ… ಆಣಖಿ ಥೋಡಾ… ಇನ್ನ ಸ್ವಲ್ಪ…"

ಗಾಡಿ ಗೆರೆಯ ಗುಂಟ ಇರುವೆಯಂತೆ ಬಂತು. ತೂಗಿಬಿಟ್ಟ ಚೆಂಡು ಮುಂದಿನ ಗಾಜಿಗೆ ಮುತ್ತಿಟ್ಟಂತೆ ತಗುಲಿತು. ಮುಂದಿನ ಗಾಲಿ ಬಾಂದಗಲ್ಲಿಗೆ ಬಂದು ಒರಗಿತು.

"ಥಾಂಬ!"

ಗಾಡಿ ನಿಂತಿತು. ಮೂತಿಗೂ ದೇವರ ಕೋಣೆಯ ಗೋಡೆಗೂ ನಡುವೆ ಒಂದು ಮೊಳ ಜಾಗ. ಮೂತಿಯ ಮೇಲೆ ಒಂದು ತಗ್ಗು, ಗೋಡೆಯ ಹೊಸ ಸಿಮೆಂಟಿನಷ್ಟೇ ಎತ್ತರದಲ್ಲಿ.

ಭೀಮಶಾ ಆ ತಗ್ಗನ್ನೂ ಸಿಮೆಂಟನ್ನೂ ಮತ್ತೆ ಮತ್ತೆ ನೋಡಿದ. ಚಪ್ಪಟೆಯಾದ ದೀಪ ನೆನಪಾಯಿತು.

ಗಿರಿಜಾಬಾಯಿ ಇಳಿದಳು. ಕೈಯಲ್ಲಿ ಸಿದ್ಧರಾಮೇಶ್ವರ ಗುಡಿಯ ಪ್ರಸಾದ. ಭಾವನ ಮುಂದೆ ನಿಂತು ತಲೆ ತಗ್ಗಿಸಿದಳು. "ತಪ್ಪಾತು ಭಾವಾ. ಇವತ್ತ ಮೊದಲನೇ ಸಲ ಒಬ್ಬಾಕಿನ ಗುಡಿತನಕ ಹೋಗಿದ್ದೆ. ಇವರ ಕುತ್ತಿಗಿ ಹಿಂಗಾತಲ್ಲ, ಅಂಗಡಿ ದವಾಖಾನಿ ಅಂತ ಎಷ್ಟ ದಿನಾ ಮಂದಿ ಕಾಲ ಹಿಡೀಬೇಕು? ಕಲತೆ. ದೀಪಾವಳಿ ಪಾಡ್ಯಾದ ದಿನಾ ಒಳಗ ತರುಮುಂದ ಕಾಲ ತಪ್ಪಿ ಗ್ವಾಡಿಗೆ ಬಡಿಸಿದೆ. ಆಚಿ ಕಡಿ ಜಗಲಿ ಅಲುಗಿ ಅತ್ತಿಯವರ ದೀಪ ಬಿತ್ತು. ಅವತ್ತ ಆಣಿ ಮಾಡೀನಿ, ಇನ್ನೊಮ್ಮೆ ದೇವರ ಗ್ವಾಡಿ ಮುಟ್ಟಿದ್ರ ಗಾಡಿ ಮುಟ್ಟಾಂಗಿಲ್ಲ ಅಂತ."

"ಅದಕ್ಕ ಚೆಂಡು, ಗೆರಿ ಎಲ್ಲಾ ನಾನ ಮಾಡೀನಿ ದೊಡ್ಡಪ್ಪಾ," ಎಂದಳು ಪ್ರಾಜಕ್ತಾ. "ಚೆಂಡ ಗಾಜಿಗೆ ತಾಗಿತಂದ್ರ ಬ್ರೇಕ. ಅಂಗಡ್ಯಾಗ ಗಾಲಿ ತಡಿಯೂ ರಬ್ಬರ ಸಿಕ್ತಿತ್ತು, ತಂದ್ವಿ. ಜಾರಿ ಹೋತು. ಅದಕ್ಕ ಕಲ್ಲ ಬೇಕಾತು."

"ನನಗ ಯಾಕ ಮುಚ್ಚಿಟ್ರಿ?"

ಗುರುಬಾಯಿ ಬಾಗಿಲಿಂದ ಅಂದಳು, "ಮೂರು ವರ್ಷದ ಹಿಂದ ನಮ್ಮ ಅಂಗಳದಾಗ ಈಕಿ ಗಾಡಿ ಹೊಡೀತೀನಿ ಅಂತ ಕುಂತು ಬಣವಿಗೆ ಬಡಸಿದ್ಲು. ನೀವು ವಿಭೂತಿ ಹಚ್ಚಿದ ಹಣಿ ಮುಟ್ಟಿ ಏನಂದ್ರಿ? 'ಗಿರಿಜಾ ಹೊಡಿಯೂ ಗಾಡ್ಯಾಗ ನಾ ಕುಂತ್ರ ನನ್ನ ಹೆಸರ ಭೀಮಶಾ ಅಲ್ಲ.' ಗೊತ್ತಾಗಿದ್ರ ಬಿಡ್ತಿದ್ರೇನು ಕಲಿಯಾಕ?"

ಭೀಮಶಾನ ಕಣ್ಣು ಮತ್ತೆ ಕಲ್ಲಿನ ಮೇಲೆ ಹೋಗಿತ್ತು. ಸಂಶಯ ಹೋಗುವಾಗಲೂ ಒಂದು ಕಾಲು ಹೊಸ್ತಿಲೊಳಗೇ ಇಟ್ಟು ನಿಂತಿತ್ತು. "ಇರ್ಲಿ. ಸೊಲ್ಲಾಪುರದಾಗ ಕಲ್ಲಿಗೆ ಬರಗಾಲ ಬಂದಿತ್ತೇನು? ಬಾಂದಗಲ್ಲ ಯಾಕ ಕಿತ್ರಿ? ಯಾರು ಕಿತ್ತವರು?"

"ನಾನ," ಎಂದಳು ಗುರುಬಾಯಿ.

"ನೀನ?"

"ನಾನ ಧೂಳಪ್ಪನ ಕಡಿಂದ ಕೀಳಿಸಿ ಹಾಲಿನ ಟೆಂಪೋದಾಗ ಕಳಿಸೀನಿ. ಗಿರಿಜಾ ಫೋನಿನ್ಯಾಗ ಕಲ್ಲ ಬೇಕು ಅಂದ್ಲು, ನನಗ ಆ ಕಲ್ಲ ನೆನಪಾತು. ಈ ವರ್ಷ ಧೂಳಪ್ಪ ಅದಕ್ಕ ಬಡಿಸಿ ಎರಡು ಸಲ ಕುಂಟಿ ಮುರದಾನ. ಅಲ್ಲಿ ಸುಮ್ನ ಅಡ್ಡ ಬರೂದು, ಇಲ್ಲಿ ಕೆಲಸಕ್ಕ ಅಡ್ಡ ಬರಲಿ ಅಂದೆ. ನಿಮ್ಮನ್ನ ಕೇಳಿದ್ರ ಅದಕ್ಕೂ ಒಂದು ಶಾಸ್ತ್ರಾ ಹೇಳತಿದ್ರಿ."

"ಅದು ಹದ್ದಿನ ಕಲ್ಲು! ಅಣ್ಣತಮ್ಮರ ಹದ್ದು!"

ಶಾಂತಲಿಂಗಪ್ಪ ಆಗ ಅಣ್ಣನ ಕಡೆ ಇಡೀ ಮೈ ತಿರುಗಿಸಿದ. ಜೋರಾಗಿ ಹೇಳಲಿಲ್ಲ. ಅಂಗಡಿಯಲ್ಲಿ ಚಾದರದ ಅಂಚು ತೋರಿಸುವವನಂತೆ ಮೆಲ್ಲಗೆ ಹೇಳಿದ.

"ಅಣ್ಣಾ, ಈ ಇಪ್ಪತ್ತೆರಡು ವರ್ಷದಾಗ ಆ ಕಲ್ಲ ಹೊಲದಾಗ ಎಲ್ಲಿತ್ತು ಅಂತ ಕೇಳಿದ್ರ ನನಗ ಹೇಳಾಕ ಬರಾಂಗಿಲ್ಲ. ಕಿತ್ತದ್ದೂ ನನಗ ಗೊತ್ತಿಲ್ಲ, ಇಲ್ಲಿ ಬಂದ ಮ್ಯಾಲೆ ಯಾವುದೋ ಕಲ್ಲು ಅಂದ್ಕೊಂಡಿದ್ದೆ. ಸುಣ್ಣಾ ಬಳ್ಕೋತ ಬಂದಾವ ನೀನು."

ಭೀಮಶಾ ಕಲ್ಲಿನ ಮೇಲಿನ ಸುಣ್ಣ ನೋಡಿದ. ಪಾಂಡವರು ಐದು. ಐದು ಕಲ್ಲಿಗೆ ಸುಣ್ಣ ಬಳಿದರೆ ಪೂಜೆ ಮುಗಿಯುತ್ತದೆ. ಆರನೆಯದಕ್ಕೆ ಬಳಿ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಜೋಳ ಬೆಳೆದು ನಿಂತರೂ ಕಾಣಲಿ ಎಂದು, ಮಳೆಗೆ ಮಾಸಿದರೆ ಮತ್ತೆ, ಬಿಸಿಲಿಗೆ ಸುಲಿದರೆ ಮತ್ತೆ, ತನ್ನ ಕೈಯಿಂದಲೇ ಬೆಳ್ಳಗೆ ಇಟ್ಟಿದ್ದ. ಮನೆತನ ಎರಡಾಗದಿರಲಿ ಎಂದು ಬೆಳಿಗ್ಗೆ ಬೇಡಿದ ಕೈ ಅದೇ. ಕೈಯಲ್ಲಿದ್ದ ಉತಾರನ್ನು ನೋಡಿಕೊಂಡ. ಮಡಿಸಿ ಜೇಬಿಗೆ ಇಡಲು ಹೋದ. ಜೇಬಿನ ಬಾಯಿ ಸಿಗಲಿಲ್ಲ. ಪ್ರಾಜಕ್ತಾ ಅದನ್ನು ಮೆಲ್ಲಗೆ ತೆಗೆದುಕೊಂಡು ಒಳಗೆ ಇಡಲು ಹೋದಳು.

ನಳದ ಹತ್ತಿರ ಹೋಗಿ ಬಹಳ ಹೊತ್ತು ಕಾಲು ತೊಳೆದ. ಆಮೇಲೆ ಬಂದು ಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಎರಡೂ ಕೈಯಿಂದ ಒತ್ತಿ ನೋಡಿದ.

"ಸಿಮೆಂಟ ಹಿಡದೈತಿ," ಎಂದ. "ಆದ್ರ ನಾಕ ಬೆರಳ ಎಡಕ್ಕ ಬರಬೇಕಿತ್ತು. ಗಾಲಿ ಅಂಚಿಗೆ ಕುಂತೈತಿ."

"ಬಂದ್ರು ನೋಡ್ರಿ ಮೋಜಣಿ ಸಾಹೇಬ್ರು," ಎಂದಳು ಗುರುಬಾಯಿ. ಗಿರಿಜಾಬಾಯಿ ಸೆರಗಿನಲ್ಲಿ ನಕ್ಕಳು.

"ಮತ್ತ ಅಮಾವಾಸಿಗೆ ನಾವೆಲ್ಲಾ ಗಾಡ್ಯಾಗ ಹೊಲಕ್ಕ ಹೋಗಾವ್ರು," ಎಂದು ಗುರುಬಾಯಿ ಬಿಡಲಿಲ್ಲ. "ನೀವು ಎಸ್ಟಿಗೆ ಬರ್ತೀರೋ, ಹೆಸರ ಬದಲ ಮಾಡ್ಕೋತೀರೋ? ಮಾಡ್ಕೋತೀರಂದ್ರ ಹೇಳ್ರಿ, ತೊಟ್ಟಲ ಕಟ್ಟತೀನಿ."

"ಮೊದಲ ಪರೀಕ್ಷಾ ಆಗ್ಲಿ," ಎಂದ ಭೀಮಶಾ. ಗಿರಿಜಾಬಾಯಿಯ ಕಡೆ ತಿರುಗಿದ. "ಗಾಡಿ ಹೊರಗ ತಗಿಯವ್ವಾ. ತಗದು ಇನ್ನೊಮ್ಮೆ ಒಳಗ ತಾ."

"ನೀವು ಇಲ್ಲೇ ನಿಂದರ್ತೀರಾ, ಭಾವಾ? ನೀವು ನೋಡ್ಕೋತ ನಿಂತ್ರ ನನ್ನ ಕಾಲ ನಡಗ್ತಾವು."

"ನಾ ಇಲ್ಲಿ ನಿಂದ್ರಾಂಗಿಲ್ಲ."

ಅವನು ಒಳಬಾಗಿಲಿನಿಂದ ದೇವರ ಕೋಣೆಗೆ ಹೋದ. ಜಗಲಿಯ ಮೇಲೆ ಅವ್ವನ ದೀಪ ಉರಿಯುತ್ತಿತ್ತು, ಚಪ್ಪಟೆಯಾದ ಅಂಚಿನ ಕಡೆ ಎಣ್ಣೆ ಸ್ವಲ್ಪ ಓರೆಯಾಗಿ ನಿಂತಿತ್ತು. ಕೈಮುಗಿದ. ಆಮೇಲೆ ಎಡಗೈಯನ್ನು ಬಿಚ್ಚಿ, ಲಿಂಗ ಇಟ್ಟುಕೊಳ್ಳುವ ಅಂಗೈಯನ್ನೇ ಗೋಡೆಗೆ ಆನಿಸಿ ನಿಂತ.

ಇಲ್ಲಿ ಏನೂ ಕಾಣುವುದಿಲ್ಲ. ಚೆಂಡೂ ಇಲ್ಲ, ಗೆರೆಯೂ ಇಲ್ಲ. ಆಚೆ ಗಾಡಿ ಶುರುವಾದ ಸದ್ದು ಕೇಳಿತು, ಹಿಂದಕ್ಕೆ ಹೋದದ್ದು ಕೇಳಿತು, ಒಂದು ಗಳಿಗೆ ಏನೂ ಕೇಳಲಿಲ್ಲ. ಆಮೇಲೆ ಮತ್ತೆ ಹತ್ತಿರ ಬರತೊಡಗಿತು. ಗೋಡೆಯೊಳಗಿನಿಂದ ಸಣ್ಣ ಗುಯ್‌ಗುಡುವಿಕೆ ಅಂಗೈಗೆ ಏರಿತು. ಪ್ರಾಜಕ್ತಾ ಏನೋ ಕೂಗುತ್ತಿದ್ದಳು. ಭೀಮಶಾ ಉಸಿರು ಹಿಡಿದು ದೀಪವನ್ನೇ ನೋಡಿದ. ಹೊಲದಲ್ಲಿ ಎತ್ತು ನಿಲ್ಲಿಸುವವನಂತೆ, ಯಾರಿಗೂ ಕೇಳದ ದನಿಯಲ್ಲಿ, "ಹೋ… ಹೋ ಅವ್ವಾ… ಹೋ" ಎಂದ.

"ಥಾಂಬ!"

ಸದ್ದು ನಿಂತಿತು. ಗೋಡೆ ಮಿಸುಕಲಿಲ್ಲ. ದೀಪದ ಕುಡಿ ನೆಟ್ಟಗೆ ಹಾಗೇ ಇತ್ತು.

"ಭಾವಾ, ಅಲುಗಿತೇನ್ರಿ?" ಆಚೆಯಿಂದ ಗಿರಿಜಾಬಾಯಿ ಕೇಳಿದಳು.

"ಇಲ್ಲವ್ವಾ," ಎಂದ ಭೀಮಶಾ. ಎಂದವನು ಕೈ ಮಾತ್ರ ತೆಗೆಯಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಗೋಡೆಯ ಮೇಲೇ ಇಟ್ಟುಕೊಂಡು ನಿಂತಿದ್ದ.